ಸಿ.ಡಿ. ರಿಪ್ಪಿಂಗ್ ಮತ್ತು ಧ್ವನಿ ಕಡತ ಸ್ವರೂಪಗಳು

ಸಂಗೀತದ ಸಿ.ಡಿ.ಯಲ್ಲಿ ಅಂಕಿಗಳಾಗಿ ಅಚ್ಚಾಗಿರುವ ಧ್ವನಿಯನ್ನು ಓದಿ ಕಂಪ್ಯೂಟರಿನಲ್ಲಿ ಕಡತಗಳಾಗಿ ಉಳಿಸಿಕೊಳ್ಳುವ ಕೆಲಸಕ್ಕೆ ರಿಪ್ಪಿಂಗ್ ಎಂದು ಹೆಸರು. ಆ ಕಡತದೊಳಗೆ ಅಂಕಿಗಳನ್ನು ಯಾವ ಕ್ರಮದಲ್ಲಿ, ಎಷ್ಟು ಕುಗ್ಗಿಸಿ ಇಡಬೇಕು ಎಂಬ ಕಟ್ಟಳೆಯೇ ಧ್ವನಿ ಕಡತ ಸ್ವರೂಪ. ವೇವ್, ಫ್ಲ್ಯಾಕ್, ಎಂಪಿ3, ಎಎಸಿ ಮುಂತಾದವು ಇಂಥ ಸ್ವರೂಪಗಳು. ಒಂದೇ ಹಾಡು ಸ್ವರೂಪ ಬದಲಾದಂತೆ ಹತ್ತು ಪಟ್ಟು ದೊಡ್ಡದೋ ಚಿಕ್ಕದೋ ಆಗಬಹುದು, ಸಿ.ಡಿ.ಯಲ್ಲಿದ್ದ ಧ್ವನಿ ಪೂರ್ತಿ ಉಳಿಯಬಹುದು ಅಥವಾ ಅದರಲ್ಲೊಂದು ಪಾಲು ಮರಳಿ ಬಾರದಂತೆ ಕಳೆದುಹೋಗಬಹುದು. ಕನ್ನಡ ಪಠ್ಯಗಳಲ್ಲಿ ಸಿ.ಡಿ.ಗೆ ಅಡಕಮುದ್ರಿಕೆ ಎಂಬ ಪದವಿದ್ದರೂ ಬಳಕೆಯಲ್ಲಿರುವುದು ಸಿ.ಡಿ. ಎಂಬ ಹೆಸರೇ. ಈ ಲೇಖನದಲ್ಲಿ ಧ್ವನಿಯ ಅಂಶ ಬಿಡದೆ ಕುಗ್ಗಿಸುವುದನ್ನು ನಷ್ಟರಹಿತ ಸಂಕೋಚನ ಎಂದೂ, ಕೆಲವು ಅಂಶಗಳನ್ನು ಕೈಬಿಟ್ಟು ಕುಗ್ಗಿಸುವುದನ್ನು ನಷ್ಟಸಹಿತ ಸಂಕೋಚನ ಎಂದೂ ಕರೆದಿದೆ.

ಹಿನ್ನೆಲೆ

ಸಿ.ಡಿ.ಯ ಅಳತೆ ಮತ್ತು ನಿಯಮಗಳನ್ನು ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು ಜೊತೆಗೂಡಿ ರೂಪಿಸಿ 1980ರಲ್ಲಿ ‘ರೆಡ್ ಬುಕ್’ ಎಂಬ ದಾಖಲೆಯಾಗಿ ಹೊರತಂದವು. 1982ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಸಿ.ಡಿ.ಗಳೂ ಅವನ್ನು ನುಡಿಸುವ ಯಂತ್ರಗಳೂ ಮಾರಾಟಕ್ಕೆ ಬಂದವು. ಆಗ ಸಿ.ಡಿ. ಕೇಳುವ ವಸ್ತುವಷ್ಟೇ ಆಗಿತ್ತು. ಒಂದು ತಟ್ಟೆಯ ಧ್ವನಿಯನ್ನು ಇಟ್ಟುಕೊಳ್ಳಬಲ್ಲ ಕಂಪ್ಯೂಟರ್ ಯಾವ ಮನೆಯಲ್ಲೂ ಇರಲಿಲ್ಲ.

1990ರ ದಶಕದಲ್ಲಿ ಸಿ.ಡಿ. ಡ್ರೈವ್‌ಗಳು ಕಂಪ್ಯೂಟರಿನ ಭಾಗವಾದವು, ಜೊತೆಗೇ ಎಂಪಿ3 ಬಂತು. ಜಾಗದ ಬಿಗಿ ಎಷ್ಟಿತ್ತೆಂಬುದು 1998ರಲ್ಲಿ ಬಂದ ರಿಯೊ ಪಿಎಂಪಿ300 ಎಂಬ ಜೇಬು ಯಂತ್ರದಿಂದ ತಿಳಿಯುತ್ತದೆ. ಅದರ ಸಂಗ್ರಹ 32 ಮೆಗಾಬೈಟ್. ಸಿ.ಡಿ.ಯ ಧ್ವನಿಯನ್ನು ಹಾಗೆಯೇ ತುಂಬಿದರೆ ಮೂರು ನಿಮಿಷಕ್ಕೆ ಅದು ಭರ್ತಿ. ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3 ಆದರೆ ಅರ್ಧ ಗಂಟೆಯ ಸಂಗೀತ. 2001ರಲ್ಲಿ ಆಪಲ್ ಕಂಪನಿ ಐಟ್ಯೂನ್ಸ್ ತಂತ್ರಾಂಶವನ್ನೂ, ಅದೇ ವರ್ಷದ ಕೊನೆಗೆ 5 ಗಿಗಾಬೈಟಿನ ಐಪಾಡನ್ನೂ ತಂದ ಮೇಲೆ ಮನೆಯ ಸಿ.ಡಿ.ಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಸಾಮಾನ್ಯರ ರೂಢಿಯಾಯಿತು. ನಷ್ಟಸಹಿತ ಸ್ವರೂಪಗಳು ಹೆಸರುಮಾಡಿದ್ದು ಜಾಗದ ಈ ಕೊರತೆಯಿಂದ. ಅದು ನೀಗಿದ ಮೇಲೂ ಅಭ್ಯಾಸ ಮಾತ್ರ ಉಳಿದುಕೊಂಡಿತು.

ಸಿ.ಡಿ.ಯಲ್ಲಿರುವ ಧ್ವನಿ

ಸಿ.ಡಿ. 12 ಸೆಂಟಿಮೀಟರ್ ಅಗಲ, 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ತಟ್ಟೆ. ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುವ ಒಂದೇ ಗೆರೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳಿರುತ್ತವೆ. ಅವುಗಳ ಮೇಲೆ ತೆಳುವಾದ ಅಲ್ಯೂಮಿನಿಯಂ ಲೇಪ, ಅದರ ಮೇಲೆ ಅರಗು ಮತ್ತು ಹೆಸರಿನ ಮುದ್ರಣ. ಲೇಸರ್ ಕಿರಣ ಕೆಳಗಿನಿಂದ ಓದುತ್ತದೆ. ಗುಳಿಗಳಿರುವ ಪದರ ಹೆಸರು ಮುದ್ರಿಸಿದ ಮೇಲ್ಮೈಗೇ ಹತ್ತಿರವಿರುವುದರಿಂದ ಹೊಳೆಯುವ ಬದಿಯ ಗೀರಿಗಿಂತ ಮೇಲಿನ ಗೀರು ಹೆಚ್ಚು ಅಪಾಯಕಾರಿ. ಸಿ.ಡಿ.ಯನ್ನು ಮೇಜಿನ ಮೇಲೆ ಮಗುಚಿ ಇಡುವವರು ಸಾಮಾನ್ಯವಾಗಿ ಇದನ್ನು ಗಮನಿಸಿರುವುದಿಲ್ಲ.

ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು ಪ್ರತಿ ಅಳತೆಯನ್ನೂ 16 ಬಿಟ್‌ಗಳ ಸಂಖ್ಯೆಯಾಗಿ ಬರೆಯಲಾಗುತ್ತದೆ. ಇಂಥ ಒಂದು ಅಳತೆಗೆ ಸ್ಯಾಂಪಲ್ ಎಂದು ಹೆಸರು. ಎಡ ಮತ್ತು ಬಲ ಎರಡು ಜಾಡುಗಳಿರುವುದರಿಂದ ಸೆಕೆಂಡಿಗೆ 14,11,200 ಬಿಟ್, ಅಂದರೆ ನಿಮಿಷಕ್ಕೆ ಸುಮಾರು 10.6 ಮೆಗಾಬೈಟ್ ಆಗುತ್ತದೆ. 44,100 ಎಂಬ ಸಂಖ್ಯೆ ಹುಟ್ಟಿದ್ದು ವಿಡಿಯೋ ಟೇಪಿನಿಂದ. ಆರಂಭದ ದಿನಗಳಲ್ಲಿ ಡಿಜಿಟಲ್ ಧ್ವನಿಯನ್ನು ವಿಡಿಯೋ ರೆಕಾರ್ಡರುಗಳಲ್ಲಿ ತುಂಬಿಡುತ್ತಿದ್ದರು; ಚಿತ್ರದ ಒಂದು ಗೆರೆಗೆ ಮೂರು ಸ್ಯಾಂಪಲ್‌ನಂತೆ ಅಮೆರಿಕ ಮತ್ತು ಯುರೋಪಿನ ಎರಡೂ ಟಿ.ವಿ. ಪದ್ಧತಿಗಳಿಗೆ ಹೊಂದುತ್ತಿದ್ದ ಲೆಕ್ಕ ಇದು.

ಸಂಗೀತದ ಸಿ.ಡಿ.ಯಲ್ಲಿ ಕಡತಗಳೇ ಇರುವುದಿಲ್ಲ. ಇರುವುದು ಎಡೆಬಿಡದ ಸ್ಯಾಂಪಲ್‌ಗಳ ಹರಿವು ಮತ್ತು ಯಾವ ಟ್ರ್ಯಾಕ್ ಎಲ್ಲಿ ಮೊದಲಾಗುತ್ತದೆ ಎಂಬ ಪಟ್ಟಿ. ವಿಂಡೋಸ್ ಕಂಪ್ಯೂಟರಿನಲ್ಲಿ ಸಿ.ಡಿ. ತೆರೆದಾಗ ಕಾಣುವ ಸಿಡಿಎ ಕಡತಗಳು 44 ಬೈಟ್‌ಗಳ ಗುರುತುಚೀಟಿಗಳಷ್ಟೇ. ಅವನ್ನು ಎಳೆದು ಪೆನ್‌ಡ್ರೈವಿಗೆ ಹಾಕಿಕೊಂಡರೆ ಹಾಡು ಬರುವುದಿಲ್ಲ.

ರಿಪ್ಪಿಂಗ್

ಸಿ.ಡಿ.ಯನ್ನು ಓದುವಾಗ ಡ್ರೈವ್ ಧ್ವನಿಯ ಪ್ರತಿ ಸೆಕೆಂಡಿಗೆ 75ರಂತೆ 2,352 ಬೈಟ್‌ಗಳ ಖಂಡಗಳನ್ನು ಕೊಡುತ್ತದೆ. ಗೀರು, ಧೂಳುಗಳಿಂದಾದ ಸಣ್ಣ ತಪ್ಪುಗಳನ್ನು ತಟ್ಟೆಯಲ್ಲೇ ಇರುವ ತಿದ್ದುಪಡಿ ಸಂಕೇತಗಳಿಂದ ಸರಿಪಡಿಸಬಹುದು. ಅದಕ್ಕೂ ಮೀರಿದ ತಪ್ಪಿದ್ದರೆ ನುಡಿಸುವ ಯಂತ್ರ ಅಕ್ಕಪಕ್ಕದ ಸ್ಯಾಂಪಲ್‌ಗಳನ್ನು ನೋಡಿ ಅಂದಾಜಿನ ಮೌಲ್ಯ ತುಂಬಿ ಮುಂದೆ ಸಾಗುತ್ತದೆ. ದತ್ತಾಂಶದ ಸಿ.ಡಿ.ಗಳಲ್ಲಿರುವ ಇನ್ನೊಂದು ಸುತ್ತಿನ ತಿದ್ದುಪಡಿ ಸಂಗೀತದ ಸಿ.ಡಿ.ಯಲ್ಲಿಲ್ಲ. ಹೀಗಾಗಿ ಎರಡು ಸಲ ರಿಪ್ ಮಾಡಿದ ಒಂದೇ ಹಾಡು ಎರಡು ಬಗೆಯಾಗಿ ಬರುವ ಸಾಧ್ಯತೆಯಿದೆ. ಒಂದರಲ್ಲಿ ಕೇಳದ ‘ಟಿಕ್’ ಸದ್ದು ಇನ್ನೊಂದರಲ್ಲಿ ಕೇಳಬಹುದು.

ಇದನ್ನು ನಿಭಾಯಿಸಲೆಂದೇ ಬರೆದ ತಂತ್ರಾಂಶಗಳಿವೆ. ಲಿನಕ್ಸ್ ಬಳಗದ ಸಿಡಿ ಪ್ಯಾರನೋಯಾ ಮತ್ತು ವಿಂಡೋಸಿಗಾಗಿ ಆಂಡ್ರೆ ವೀಟೊಫ್ ಬರೆದ ಎಕ್ಸಾಕ್ಟ್ ಆಡಿಯೋ ಕಾಪಿ ಒಂದೇ ಜಾಗವನ್ನು ಮತ್ತೆ ಮತ್ತೆ ಓದಿ ಹೋಲಿಸುತ್ತವೆ. ಅಕ್ಯುರೇಟ್‌ರಿಪ್ ಎಂಬ ದತ್ತಸಂಚಯ, ಅದೇ ಸಿ.ಡಿ.ಯನ್ನು ಬೇರೆಡೆ ರಿಪ್ ಮಾಡಿದವರ ಫಲಿತಾಂಶದೊಂದಿಗೆ ತಾಳೆ ನೋಡಿ ಪ್ರತಿ ಸರಿಯಿದೆಯೇ ಎಂದು ಹೇಳುತ್ತದೆ. ಕಡಿಮೆ ಸಂಖ್ಯೆಯಲ್ಲಿ ಅಚ್ಚಾದ ಪ್ರಾದೇಶಿಕ ಭಾಷೆಗಳ ಸಿ.ಡಿ.ಗಳಿಗೆ ಇಂಥ ತಾಳೆ ಸಿಗದಿರಬಹುದು. ಆಗ ಎರಡು ಸಲ ಓದಿಸಿ ಹೋಲಿಸುವುದೇ ದಾರಿ.

ಸ್ವರೂಪ ಯಾವುದೇ ಇರಲಿ, ರಿಪ್ಪಿಂಗಿನಲ್ಲಿ ನುಸುಳಿದ ತಪ್ಪನ್ನು ಅದು ಸರಿಪಡಿಸದು. ಕೆಟ್ಟದಾಗಿ ಓದಿದ ಟ್ರ್ಯಾಕನ್ನು ನಷ್ಟರಹಿತ ಸ್ವರೂಪ ಅಷ್ಟೇ ನಿಷ್ಠೆಯಿಂದ ಕಾಪಿಡುತ್ತದೆ.

ಸಂಕೋಚನವಿಲ್ಲದ ಸ್ವರೂಪಗಳು

ಸಿ.ಡಿ.ಯ ಸ್ಯಾಂಪಲ್‌ಗಳನ್ನು ಇದ್ದಂತೆಯೇ ಬರೆದಿಡುವ ಸ್ವರೂಪಗಳು ಮುಖ್ಯವಾಗಿ ಎರಡು: ಆಪಲ್ 1988ರಲ್ಲಿ ತಂದ ಎಐಎಫ್‌ಎಫ್, ಮೈಕ್ರೋಸಾಫ್ಟ್ ಮತ್ತು ಐಬಿಎಂ 1991ರಲ್ಲಿ ತಂದ ವೇವ್. ಬೈಟ್‌ಗಳ ಕ್ರಮವನ್ನು ಬಿಟ್ಟರೆ ಇವುಗಳ ಧ್ವನಿಯಲ್ಲಿ ವ್ಯತ್ಯಾಸವಿಲ್ಲ. ಒಂದು ಗಂಟೆಯ ಸಿ.ಡಿ. ಸುಮಾರು 635 ಮೆಗಾಬೈಟ್ ಜಾಗ ಹಿಡಿಯುತ್ತದೆ. ಸಂಕಲನ, ಪ್ರಸಾರ ಮುಂತಾದ ವೃತ್ತಿಕೆಲಸಗಳಿಗೆ ವೇವ್ ಇಂದಿಗೂ ಮೂಲ ಸ್ವರೂಪ. ಮನೆಯ ಸಂಗ್ರಹಕ್ಕೆ ಅದರ ದೊಡ್ಡ ಕೊರತೆ ಗಾತ್ರಕ್ಕಿಂತ ಹೆಚ್ಚಾಗಿ ಹೆಸರಿನದು. ಹಾಡು, ಗಾಯಕ, ಆಲ್ಬಮ್ ಎಂಬ ವಿವರಗಳನ್ನು ಕಡತದೊಳಗೆ ಇಡುವ ಏರ್ಪಾಡು ವೇವ್‌ನಲ್ಲಿ ದುರ್ಬಲ. ಒಂದು ಯಂತ್ರ ಬರೆದದ್ದನ್ನು ಇನ್ನೊಂದು ಓದದೆ ಹೋಗುವುದುಂಟು.

ನಷ್ಟರಹಿತ ಸ್ವರೂಪಗಳು

ಮಡಿಸಿಟ್ಟ ಸೀರೆ ಕಡಿಮೆ ಜಾಗ ಹಿಡಿದರೂ ಬಿಚ್ಚಿದಾಗ ಅಷ್ಟೇ ಉದ್ದವಿರುವಂತೆ, ಈ ಬಗೆಯ ಕಡತಗಳನ್ನು ನುಡಿಸುವಾಗ ಸಿ.ಡಿ.ಯಲ್ಲಿದ್ದ ಸ್ಯಾಂಪಲ್‌ಗಳು ಒಂದೂ ಬಿಡದೆ ಮರಳಿ ಬರುತ್ತವೆ. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಫ್ಲ್ಯಾಕ್. ಜೋಶ್ ಕೋಲ್ಸನ್ 2000ದಲ್ಲಿ ಆರಂಭಿಸಿದ ಈ ಸ್ವರೂಪದ ಮೊದಲ ಪೂರ್ಣ ಆವೃತ್ತಿ 2001ರ ಜುಲೈನಲ್ಲಿ ಬಂತು. 2003ರಿಂದ ಇದು ಝಿಫ್ ಪ್ರತಿಷ್ಠಾನದ ಆಶ್ರಯದಲ್ಲಿದೆ. ಬಳಕೆಗೆ ಶುಲ್ಕವಿಲ್ಲ, ನಿಯಮಗಳು ಎಲ್ಲರಿಗೂ ಮುಕ್ತ. 2024ರ ಡಿಸೆಂಬರಿನಲ್ಲಿ ಇದು ಅಂತರಜಾಲ ಮಾನಕ ಸಂಸ್ಥೆಯ ಆರ್‌ಎಫ್‌ಸಿ 9639 ಎಂಬ ದಾಖಲೆಯಾಗಿ ಪ್ರಕಟವಾಯಿತು.

ಫ್ಲ್ಯಾಕ್ ಕೆಲಸ ಮಾಡುವ ರೀತಿ ಹೀಗಿದೆ. ಧ್ವನಿಯನ್ನು ಸಾಮಾನ್ಯವಾಗಿ 4,096 ಸ್ಯಾಂಪಲ್‌ಗಳ ತುಂಡುಗಳಾಗಿ ಕತ್ತರಿಸಿ, ಹಿಂದಿನ ಸ್ಯಾಂಪಲ್‌ಗಳಿಂದ ಮುಂದಿನದನ್ನು ಊಹಿಸಲಾಗುತ್ತದೆ. ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸ ಸಣ್ಣ ಸಂಖ್ಯೆಯಾಗಿರುವುದರಿಂದ ಅದನ್ನು ಕಡಿಮೆ ಬಿಟ್‌ಗಳಲ್ಲಿ ಬರೆಯಬಹುದು. ನುಡಿಸುವಾಗ ಅದೇ ಊಹೆಗೆ ಅದೇ ವ್ಯತ್ಯಾಸ ಕೂಡಿಸಿದರೆ ಮೂಲ ಸಂಖ್ಯೆ ಸಿಗುತ್ತದೆ. ಗಾತ್ರ ಎಷ್ಟು ಇಳಿಯುತ್ತದೆಂಬುದು ಸಂಗೀತವನ್ನೇ ಅವಲಂಬಿಸಿದೆ. ಸಾಮಾನ್ಯವಾಗಿ ಮೂಲದ ಅರ್ಧದಿಂದ ಮುಕ್ಕಾಲಿಗಿಂತ ತುಸು ಕಡಿಮೆಯವರೆಗೆ ಉಳಿಯುತ್ತದೆ. ಒಂಟಿ ವೀಣೆ ಚೆನ್ನಾಗಿ ಕುಗ್ಗುತ್ತದೆ. ಎಲ್ಲ ವಾದ್ಯಗಳೂ ಏರುದನಿಯಲ್ಲಿ ಮೊಳಗುವ ಸಿನಿಮಾ ಹಾಡು ಅಷ್ಟಾಗಿ ಕುಗ್ಗದು. 78 ಸುತ್ತಿನ ಹಳೆಯ ತಟ್ಟೆಗಳಿಂದ ಸಿ.ಡಿ.ಗೆ ಬಂದ ಧ್ವನಿಮುದ್ರಣಗಳಲ್ಲಿ ಎಡ, ಬಲ ಎರಡೂ ಒಂದೇ ಆಗಿದ್ದರೆ ಎರಡನೆಯ ಜಾಡಿಗೆ ಬಹುತೇಕ ಜಾಗವೇ ಬೇಕಿಲ್ಲ. ಆದರೆ ಆ ಹಳೆಯ ತಟ್ಟೆಗಳ ಚರಪರ ಸದ್ದು ಊಹೆಗೆ ಸಿಗದ ಕಾರಣ ಗಳಿಸಿದ ಉಳಿತಾಯದಲ್ಲಿ ಒಂದು ಪಾಲನ್ನು ಅದು ನುಂಗುತ್ತದೆ.

ತಂತ್ರಾಂಶಗಳಲ್ಲಿ ಫ್ಲ್ಯಾಕ್‌ಗೆ 0ಯಿಂದ 8ರವರೆಗೆ ಮಟ್ಟಗಳಿರುತ್ತವೆ. ಇವು ಗುಣಮಟ್ಟದ ಮಟ್ಟಗಳೆಂದು ತಪ್ಪು ತಿಳಿಯುವವರಿದ್ದಾರೆ. ಮಟ್ಟ ಏರಿದಂತೆ ಕಡತ ತುಸು ಚಿಕ್ಕದಾಗುತ್ತದೆ, ತಯಾರಿಸಲು ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೆ. ಧ್ವನಿ ಎಲ್ಲದರಲ್ಲೂ ಒಂದೇ. ಮೂಲ ಧ್ವನಿಯ ಪರೀಕ್ಷಾ ಸಂಖ್ಯೆಯೊಂದು ಕಡತದೊಳಗೇ ಇರುವುದರಿಂದ ವರ್ಷಗಳ ನಂತರವೂ ಪ್ರತಿ ಕೆಟ್ಟಿದೆಯೇ ಎಂದು ಪರೀಕ್ಷಿಸಬಹುದು.

ಆಪಲ್ 2004ರಲ್ಲಿ ತಂದ ಎಎಲ್‌ಎಸಿ ಇದೇ ಕೆಲಸ ಮಾಡುತ್ತದೆ. 2011ರಲ್ಲಿ ಅದರ ಆಕರ ಸಂಕೇತವನ್ನು ಮುಕ್ತಗೊಳಿಸಲಾಯಿತು. ವೇವ್‌ಪ್ಯಾಕ್, ಮಂಕೀಸ್ ಆಡಿಯೋ, ಮೈಕ್ರೋಸಾಫ್ಟಿನ ಡಬ್ಲ್ಯುಎಂಎ ಲಾಸ್‌ಲೆಸ್ ಕೂಡ ಇದೇ ವರ್ಗದವು, ಬಳಕೆ ಕಡಿಮೆ. ನಷ್ಟರಹಿತ ಸ್ವರೂಪಗಳ ಒಂದು ಅನುಕೂಲವೆಂದರೆ ಒಂದರಿಂದ ಇನ್ನೊಂದಕ್ಕೆ ಎಷ್ಟು ಸಲ ಬದಲಿಸಿದರೂ ಧ್ವನಿ ಸವೆಯುವುದಿಲ್ಲ. ಇಂದು ಎಎಲ್‌ಎಸಿ ಆರಿಸಿದವರು ನಾಳೆ ಫ್ಲ್ಯಾಕ್‌ಗೆ ಹೊರಳಿದರೆ ಕಳೆದುಕೊಳ್ಳುವುದು ಕಂಪ್ಯೂಟರಿನ ಸಮಯವನ್ನಷ್ಟೇ.

ನಷ್ಟಸಹಿತ ಸ್ವರೂಪಗಳು

ಜೋರಾದ ಸದ್ದಿನ ಮರೆಯಲ್ಲಿ ಅದರ ಪಕ್ಕದ ಶ್ರುತಿಯ ಸಣ್ಣ ಸದ್ದು ಕಿವಿಗೆ ಬೀಳದು. ಮನುಷ್ಯನ ಶ್ರವಣದ ಈ ಗುಣವನ್ನು ಆಧರಿಸಿ, ಕೇಳದೆಂದು ಲೆಕ್ಕ ಹಾಕಿದ ಅಂಶಗಳನ್ನು ಒರಟಾಗಿ ಬರೆಯುವುದು ಅಥವಾ ಬಿಟ್ಟೇಬಿಡುವುದು ನಷ್ಟಸಹಿತ ಸಂಕೋಚನದ ತತ್ತ್ವ.

ಎಂಪಿ3 ಇವುಗಳಲ್ಲಿ ಪ್ರಸಿದ್ಧ. ಜರ್ಮನಿಯ ಎರ್ಲಾಂಗನ್‌ನಲ್ಲಿರುವ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈಂಜ್ ಬ್ರಾಂಡೆನ್‌ಬರ್ಗ್ ಮತ್ತು ಸಂಗಡಿಗರು, ಬೇರೆ ಪ್ರಯೋಗಾಲಯಗಳ ಜೊತೆಗೂಡಿ ಇದನ್ನು ರೂಪಿಸಿದರು. ಎಂಪೆಗ್-1 ಮಾನಕದ ಭಾಗವಾಗಿ ಇದು 1993ರಲ್ಲಿ ಪ್ರಕಟವಾಯಿತು. ಕಡತದ ಹೆಸರಿನ ಕೊನೆಗೆ ‘ಎಂಪಿ3’ ಎಂದು ಸೇರಿಸಲು 1995ರ ಜುಲೈ 14ರಂದು ತೀರ್ಮಾನವಾಯಿತು. ಪೇಟೆಂಟ್‌ಗಳ ಅವಧಿ ತೀರುತ್ತ ಬಂದಂತೆ 2017ರ ಏಪ್ರಿಲಿನಲ್ಲಿ ಪರವಾನಗಿ ವ್ಯವಸ್ಥೆಯನ್ನು ಮುಚ್ಚಲಾಯಿತು. ಎಂಪಿ3 ಅಳಿಯಿತೆಂದು ಆಗ ಹಬ್ಬಿದ ಸುದ್ದಿಯಲ್ಲಿ ಹುರುಳಿಲ್ಲ; ವಾಸ್ತವದಲ್ಲಿ ಅದು ಎಲ್ಲರಿಗೂ ಬಿಟ್ಟಿಯಾಯಿತು.

ಎಎಸಿ 1997ರಲ್ಲಿ ಮಾನಕವಾಯಿತು. ಕಡಿಮೆ ಬಿಟ್ ದರದಲ್ಲಿ ಇದು ಎಂಪಿ3ಗಿಂತ ಉತ್ತಮ. ಸಾಮಾನ್ಯವಾಗಿ ಎಂ4ಎ ಎಂಬ ಹೊರಕವಚದಲ್ಲಿ ಬರುತ್ತದೆ. ಎಎಲ್‌ಎಸಿಗೂ ಅದೇ ಕವಚವಿರುವುದರಿಂದ ಕಡತದ ಹೆಸರು ನೋಡಿದ ಮಾತ್ರಕ್ಕೆ ಒಳಗಿನದು ನಷ್ಟಸಹಿತವೋ ರಹಿತವೋ ತಿಳಿಯದು. ಆಗ್ ವೋರ್ಬಿಸ್ (2002) ಮತ್ತು ಓಪಸ್ (2012) ಶುಲ್ಕವಿಲ್ಲದ ಮುಕ್ತ ಸ್ವರೂಪಗಳು. ಓಪಸ್ ಒಳಗೆ ಸೆಕೆಂಡಿಗೆ 48,000 ಸ್ಯಾಂಪಲ್‌ಗಳ ಲೆಕ್ಕದಲ್ಲಿ ನಡೆಯುವುದರಿಂದ ಸಿ.ಡಿ.ಯ 44,100ನ್ನು ಮೊದಲು ಅದಕ್ಕೆ ಹೊಂದಿಸಿಕೊಳ್ಳುತ್ತದೆ.

ಈ ಸ್ವರೂಪಗಳಲ್ಲಿ ಗುಣಮಟ್ಟದ ಅಳತೆಗೋಲು ಬಿಟ್ ದರ, ಅಂದರೆ ಒಂದು ಸೆಕೆಂಡಿನ ಧ್ವನಿಗೆ ಖರ್ಚಾಗುವ ಕಿಲೋಬಿಟ್‌ಗಳು. ಒಂದು ಗಂಟೆಯ ಸಿ.ಡಿ. 128ರ ದರದಲ್ಲಿ ಸುಮಾರು 58, 192ರಲ್ಲಿ 86, 256ರಲ್ಲಿ 115, ಎಂಪಿ3ಯ ಗರಿಷ್ಠವಾದ 320ರಲ್ಲಿ 144 ಮೆಗಾಬೈಟ್ ಆಗುತ್ತದೆ. ದರವನ್ನು ಉದ್ದಕ್ಕೂ ಒಂದೇ ಇಡಬಹುದು ಅಥವಾ ಸಂಗೀತ ಸಂಕೀರ್ಣವಾದಲ್ಲಿ ಏರಿ ಸರಳವಾದಲ್ಲಿ ಇಳಿಯುವಂತೆ ಬಿಡಬಹುದು. ಎಂಪಿ3 ತಯಾರಿಸುವ ಲೇಮ್ ಎಂಬ ತಂತ್ರಾಂಶದ ವಿ2 ಆಯ್ಕೆ ಈ ಎರಡನೆಯ ಬಗೆಯದು. ಅದರ ಸರಾಸರಿ ದರ 190ರ ಆಸುಪಾಸು. 128ರ ಎಂಪಿ3ಯಲ್ಲಿ ಸಾಮಾನ್ಯವಾಗಿ 16,000 ಹರ್ಟ್ಸ್‌ಗಿಂತ ಮೇಲಿನ ಧ್ವನಿ ಉಳಿಯುವುದಿಲ್ಲ.

ನಷ್ಟ ಮೊದಲು ಬಯಲಾಗುವುದು ತಾಳವಾದ್ಯಗಳಲ್ಲಿ. ಎಂಪಿ3 ಧ್ವನಿಯನ್ನು 1,152 ಸ್ಯಾಂಪಲ್‌ಗಳ, ಎಂದರೆ ಸೆಕೆಂಡಿನ ನಲವತ್ತನೆಯ ಒಂದು ಭಾಗದಷ್ಟು ಉದ್ದದ ಚೌಕಟ್ಟುಗಳಲ್ಲಿ ಸಂಸ್ಕರಿಸುತ್ತದೆ. ಘಟದ ಮೇಲೆ ಬೆರಳು ಬಿದ್ದಾಗ ಏಳುವ ಚುರುಕು ಪೆಟ್ಟು ಚೌಕಟ್ಟಿನ ನಡುವೆ ಬಂದರೆ, ಅದನ್ನು ಒರಟಾಗಿ ಬರೆದುದರಿಂದಾದ ದೋಷ ಪೆಟ್ಟಿನ ಹಿಂದೆ ಮುಂದೆ ಎರಡೂ ಕಡೆ ಹರಡುತ್ತದೆ. ಪೆಟ್ಟಿನ ನಂತರದ ಕಲಬೆರಕೆ ಆ ಸದ್ದಿನಲ್ಲೇ ಮುಚ್ಚಿಹೋಗುತ್ತದೆ. ಮೊದಲು ಬರುವ ‘ಶ್’ ಎಂಬ ನೆರಳು ಮಾತ್ರ ಬೆತ್ತಲೆಯಾಗಿ ಕೇಳುತ್ತದೆ. ಇದಕ್ಕೆ ಪೂರ್ವಪ್ರತಿಧ್ವನಿ ಎನ್ನಬಹುದು. ತನಿ ಆವರ್ತನದ ಭಾಗವನ್ನು 128ರ ದರದಲ್ಲೂ ಸಿ.ಡಿ.ಯಲ್ಲೂ ಒಂದರ ಬೆನ್ನಿಗೆ ಒಂದು ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ. ದರ ಏರಿದಂತೆ ಇದು ಕ್ಷೀಣಿಸುತ್ತದೆ. 256ರ ಎಎಸಿಯನ್ನು ಸಿ.ಡಿ.ಯಿಂದ ಬೇರ್ಪಡಿಸಿ ಗುರುತಿಸುವುದು ಹೆಚ್ಚಿನ ಕೇಳುಗರಿಗೆ ಕಷ್ಟ.

ಟ್ರ್ಯಾಕ್‌ಗಳ ನಡುವಿನ ತೆರಪು

ಕಛೇರಿಯ ನೇರ ಧ್ವನಿಮುದ್ರಣದ ಸಿ.ಡಿ.ಗಳಲ್ಲಿ ರಾಗ, ತಾನ, ಪಲ್ಲವಿಗಳು ಬೇರೆ ಬೇರೆ ಟ್ರ್ಯಾಕ್‌ಗಳಾಗಿದ್ದರೂ ನಡುವೆ ತಂಬೂರಿಯ ನಾದ ಕಡಿಯುವುದಿಲ್ಲ. ಸಿ.ಡಿ. ನುಡಿಸುವಾಗ ಟ್ರ್ಯಾಕ್ ಬದಲಾದದ್ದು ತಿಳಿಯುವುದೇ ಇಲ್ಲ. ಎಂಪಿ3ಯಲ್ಲಿ ಮಾತ್ರ ಪ್ರತಿ ಕಡತದ ಮೊದಲಿಗೆ ಸಂಸ್ಕರಣೆಯ ವಿಳಂಬದಿಂದ, ಕೊನೆಗೆ ಚೌಕಟ್ಟು ಭರ್ತಿ ಮಾಡಲು ಒಂದಿಷ್ಟು ಮೌನ ಸೇರಿಕೊಳ್ಳುತ್ತದೆ. ಅಳತೆಯಲ್ಲಿ ಅದು ಅತ್ಯಲ್ಪ. ಎರಡು ಸಿನಿಮಾ ಹಾಡುಗಳ ನಡುವೆ ಬಂದರೆ ಯಾರ ಗಮನಕ್ಕೂ ಬಾರದು. ಶ್ರುತಿಯ ನಡುವೆ ಬಂದರೆ ತಂತಿ ಎಡವಿದಂತೆ ಕೇಳುತ್ತದೆ. ಲೇಮ್ ಈ ಮೌನದ ಅಳತೆಯನ್ನು ಕಡತದಲ್ಲೇ ಬರೆದಿಡುತ್ತದೆ. ಅದನ್ನು ಓದಿ ಕತ್ತರಿಸುವ ಸೌಲಭ್ಯ ಎಲ್ಲ ನುಡಿಸುವ ತಂತ್ರಾಂಶಗಳಲ್ಲೂ ಇಲ್ಲ, ಕಾರಿನ ಸ್ಟೀರಿಯೋಗಳಲ್ಲಂತೂ ವಿರಳ. ಫ್ಲ್ಯಾಕ್ ಮತ್ತು ವೇವ್‌ಗಳಲ್ಲಿ ಸ್ಯಾಂಪಲ್‌ಗಳ ಎಣಿಕೆ ಸಿ.ಡಿ.ಯದೇ ಆಗಿರುವುದರಿಂದ ಕಡತದೊಳಗೆ ತೆರಪು ಹುಟ್ಟುವುದಿಲ್ಲ.

ಹೆಸರು ಮತ್ತು ವಿವರಗಳು

ಹೆಚ್ಚಿನ ಸಿ.ಡಿ.ಗಳಲ್ಲಿ ಹಾಡುಗಳ ಹೆಸರೇ ಇರುವುದಿಲ್ಲ. ತಂತ್ರಾಂಶ ಟ್ರ್ಯಾಕ್‌ಗಳ ಆರಂಭಸ್ಥಾನಗಳನ್ನು ನೋಡಿ ಒಂದು ಗುರುತು ಲೆಕ್ಕ ಹಾಕಿ, ಅಂತರಜಾಲದ ದತ್ತಸಂಚಯದಲ್ಲಿ ಹುಡುಕುತ್ತದೆ. 2000ದಲ್ಲಿ ಆರಂಭವಾದ ಮ್ಯೂಸಿಕ್‌ಬ್ರೈನ್ಸ್ ಇವುಗಳಲ್ಲಿ ಮುಖ್ಯ. ಬಹುಕಾಲ ಜನಪ್ರಿಯವಾಗಿದ್ದ ಫ್ರೀಡಿಬಿ 2020ರಲ್ಲಿ ನಿಂತುಹೋಯಿತು.

ಸಿಕ್ಕ ಹೆಸರುಗಳನ್ನು ಕಡತದೊಳಗೆ ಬರೆಯುವ ಕ್ರಮ ಸ್ವರೂಪದಿಂದ ಸ್ವರೂಪಕ್ಕೆ ಬೇರೆ, ಕನ್ನಡ ಲಿಪಿಯ ಪ್ರಶ್ನೆ ಏಳುವುದೂ ಇಲ್ಲೇ. ಎಂಪಿ3ಗೆಂದು 1996ರಲ್ಲಿ ಬಂದ ಐಡಿ3 ಪಟ್ಟಿಯ ಮೊದಲ ಆವೃತ್ತಿ ಕಡತದ ಕೊನೆಯಲ್ಲಿ 128 ಬೈಟ್ ಜಾಗ ಹಿಡಿಯುತ್ತಿತ್ತು. ಹಾಡಿನ ಹೆಸರಿಗೆ ಸಿಗುತ್ತಿದ್ದದ್ದು 30 ಬೈಟ್. ‘ಪುರಂದರದಾಸರ ಪದಗಳು’ ಎಂಬ ಹನ್ನೊಂದು ಅಕ್ಷರಗಳ ಹೆಸರಿಗೆ, ನಡುವಿನ ಖಾಲಿ ಜಾಗವೂ ಸೇರಿ, ಯುಟಿಎಫ್-8 ಸಂಕೇತದಲ್ಲಿ 46 ಬೈಟ್ ಬೇಕು. ಜಾಗ ಸಾಲದೆಂಬುದು ಹಾಗಿರಲಿ, ರೋಮನ್ ಅಲ್ಲದ ಲಿಪಿಗೆ ಆ ಪಟ್ಟಿಯಲ್ಲಿ ಅವಕಾಶವೇ ಇರಲಿಲ್ಲ. 1998ರ ನಂತರದ ಎರಡನೆಯ ತಲೆಮಾರಿನ ಐಡಿ3 ಯುನಿಕೋಡ್ ಒಪ್ಪಿಕೊಂಡು ಈ ತೊಡಕನ್ನು ನಿವಾರಿಸಿತು. ಫ್ಲ್ಯಾಕ್ ಮತ್ತು ವೋರ್ಬಿಸ್ ಯುಟಿಎಫ್-8 ಬಳಸುತ್ತವೆ. ಆದರೂ ಕಡತದಲ್ಲಿ ಸರಿಯಾಗಿರುವ ಕನ್ನಡ ಹೆಸರು ಅಕ್ಷರವಿನ್ಯಾಸವಿಲ್ಲದ ಯಂತ್ರದ ಪರದೆಯ ಮೇಲೆ ಖಾಲಿ ಚೌಕಗಳಾಗಿ ಕಾಣುವುದುಂಟು. ಅದು ಸ್ವರೂಪದ ದೋಷವಲ್ಲ.

ಆಯ್ಕೆಯ ಕ್ರಮ

ಸಂಗ್ರಹಕಾರರಲ್ಲಿ ರೂಢಿಗೆ ಬಂದಿರುವ ಕ್ರಮ ಎರಡು ಹಂತದ್ದು. ಸಿ.ಡಿ.ಯನ್ನು ಒಮ್ಮೆ ಎಚ್ಚರದಿಂದ ಫ್ಲ್ಯಾಕ್‌ಗೆ, ಆಪಲ್ ಉಪಕರಣಗಳನ್ನೇ ನಚ್ಚಿದವರಾದರೆ ಎಎಲ್‌ಎಸಿಗೆ ರಿಪ್ ಮಾಡಿ ಅದನ್ನು ಮೂಲಪ್ರತಿಯಾಗಿ ಎತ್ತಿಡುವುದು; ಫೋನಿಗೋ ಕಾರಿಗೋ ಬೇಕಾದ ನಷ್ಟಸಹಿತ ಪ್ರತಿಗಳನ್ನು ಆ ಮೂಲಪ್ರತಿಯಿಂದ ತೆಗೆಯುವುದು. ಹಳೆಯ ಕಾರಿನ ಸ್ಟೀರಿಯೋ, ಅಗ್ಗದ ಯುಎಸ್‌ಬಿ ಸ್ಪೀಕರುಗಳಿಗೆ ಎಂಪಿ3ಯೇ ನಂಬಿಕೆಯ ಸ್ವರೂಪ, ಏಕೆಂದರೆ ಅದನ್ನು ಓದದ ಯಂತ್ರವಿಲ್ಲ. ಒಂದು ನಷ್ಟಸಹಿತ ಸ್ವರೂಪದಿಂದ ಇನ್ನೊಂದಕ್ಕೆ ಬದಲಿಸಿದರೆ ಮೊದಲಿನ ನಷ್ಟದ ಮೇಲೆ ಹೊಸ ನಷ್ಟ ಕೂಡುತ್ತದೆ. ಎಂಪಿ3ಯನ್ನು ಫ್ಲ್ಯಾಕ್‌ಗೆ ಬದಲಿಸಿದರೆ ಕಡತ ಹಿಗ್ಗುತ್ತದೆ, ಹೋದದ್ದು ಬಾರದು.

ಈ ಕಾರಣಕ್ಕೆ ಸಿ.ಡಿ. ಎಂಥದ್ದೆಂದು ಮೊದಲೇ ನೋಡಿಕೊಳ್ಳುವುದು ಅಗತ್ಯ. ಭಾರತದಲ್ಲಿ ನೂರಾರು ಸಿನಿಮಾ ಹಾಡುಗಳನ್ನೋ ಭಕ್ತಿಗೀತೆಗಳನ್ನೋ ತುಂಬಿದ ‘ಎಂಪಿ3 ಸಿ.ಡಿ.’ಗಳು ಬಹಳ ಮಾರಾಟವಾದವು. 700 ಮೆಗಾಬೈಟಿನ ತಟ್ಟೆಯಲ್ಲಿ 128ರ ದರದ ಸುಮಾರು ಹನ್ನೆರಡು ಗಂಟೆ ಸಂಗೀತ ಹಿಡಿಯುತ್ತದೆ. ಇವು ದತ್ತಾಂಶದ ಸಿ.ಡಿ.ಗಳು, ಕಡತಗಳನ್ನು ಹಾಗೆಯೇ ನಕಲಿಸಿಕೊಂಡರೆ ಸಾಕು, ರಿಪ್ಪಿಂಗ್ ಬೇಕಿಲ್ಲ. ಎಂಪಿ3ಗಳಿಂದಲೇ ತಯಾರಿಸಿ ಸಂಗೀತದ ಸಿ.ಡಿ.ಯಂತೆ ಬರ್ನ್ ಮಾಡಿದ ತಟ್ಟೆಗಳೂ ಇವೆ. ಇವು ನೋಟಕ್ಕೆ ಪೂರ್ಣ ಗುಣಮಟ್ಟದವಾದರೂ ಧ್ವನಿಯ ಶ್ರುತಿವ್ಯಾಪ್ತಿಯ ಚಿತ್ರ ತೆಗೆದು ನೋಡಿದರೆ 16,000 ಹರ್ಟ್ಸ್ ಬಳಿ ಕತ್ತಿಯಿಂದ ಕಡಿದಂತಿರುವ ಗೆರೆ ಅವುಗಳ ಮೂಲವನ್ನು ತೋರಿಸಿಕೊಡುತ್ತದೆ.

ಕಾನೂನು

ಭಾರತದ ಕೃತಿಸ್ವಾಮ್ಯ ಕಾಯ್ದೆಯ (1957) 52ನೆಯ ಕಲಮು ಖಾಸಗಿ ಅಥವಾ ವೈಯಕ್ತಿಕ ಬಳಕೆಗಾಗಿ ಕೃತಿಗಳೊಂದಿಗೆ ನ್ಯಾಯವಾದ ವ್ಯವಹಾರಕ್ಕೆ ಅವಕಾಶ ಕೊಡುತ್ತದೆ. 2012ರ ತಿದ್ದುಪಡಿಯಿಂದ ಈ ಅವಕಾಶದ ವ್ಯಾಪ್ತಿ ಧ್ವನಿಮುದ್ರಣಗಳಿಗೂ ಸಂದಿತು. ಪ್ರತಿಗಳನ್ನು ಮಾರುವುದು, ಹಂಚುವುದು ಇದರಡಿ ಬರುವುದಿಲ್ಲ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಬ್ರಿಟನ್ನಿನಲ್ಲಿ 2014ರಲ್ಲಿ ಜಾರಿಗೆ ಬಂದ ಖಾಸಗಿ ಪ್ರತಿಯ ವಿನಾಯಿತಿಯನ್ನು ಮರುವರ್ಷವೇ ಹೈಕೋರ್ಟ್ ರದ್ದುಮಾಡಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ರಿಪ್ಪಿಂಗ್ ತಡೆಯುವ ಸಿ.ಡಿ.ಗಳೂ ಬಂದವು. 2005ರಲ್ಲಿ ಸೋನಿ ಬಿಎಂಜಿಯ ಕೆಲವು ಸಿ.ಡಿ.ಗಳು ಕಂಪ್ಯೂಟರಿನಲ್ಲಿ ಗುಟ್ಟಾಗಿ ತಂತ್ರಾಂಶ ಸ್ಥಾಪಿಸುತ್ತವೆಂದು ಬಯಲಾಗಿ, ಕಂಪನಿ ಅವನ್ನು ಹಿಂತೆಗೆದುಕೊಳ್ಳಬೇಕಾಯಿತು.

ಸದ್ಯದ ಸ್ಥಿತಿ

ಫ್ಲ್ಯಾಕ್ ನುಡಿಸುವ ಸೌಲಭ್ಯ ಆಂಡ್ರಾಯ್ಡ್‌ನಲ್ಲಿ 2011ರಿಂದ, ವಿಂಡೋಸ್‌ನಲ್ಲಿ 2015ರಿಂದ, ಐಫೋನಿನಲ್ಲಿ 2017ರಿಂದ ಅಂತರ್ಗತವಾಗಿದೆ. ಆಪಲ್‌ನ ಸಂಗೀತ ತಂತ್ರಾಂಶ ಸಿ.ಡಿ.ಯಿಂದ ನೇರವಾಗಿ ಫ್ಲ್ಯಾಕ್ ತಯಾರಿಸುವುದಿಲ್ಲ. ಅಲ್ಲಿ ಎಎಲ್‌ಎಸಿಯೇ ಸಾಟಿ. ಆಪಲ್ ಮ್ಯೂಸಿಕ್ 2021ರಲ್ಲಿ, ಸ್ಪಾಟಿಫೈ 2025ರಲ್ಲಿ ನಷ್ಟರಹಿತ ಧ್ವನಿಯನ್ನು ಚಂದಾದಾರರಿಗೆ ಕೊಡತೊಡಗಿದವು. ಲ್ಯಾಪ್‌ಟಾಪುಗಳಿಂದ ಸಿ.ಡಿ. ಡ್ರೈವ್ ಬಹುತೇಕ ಮರೆಯಾಗಿ, ಯುಎಸ್‌ಬಿ ಮೂಲಕ ಜೋಡಿಸುವ ಹೊರಗಿನ ಡ್ರೈವ್‌ಗಳೇ ಈಗ ರಿಪ್ಪಿಂಗಿಗೆ ಆಸರೆ. ಸ್ಟ್ರೀಮಿಂಗಿಗೆ ಬಾರದ ಕಛೇರಿಗಳು, ಭಾವಗೀತೆಗಳು, ನಾಟಕದ ಹಾಡುಗಳು, ಖಾಸಗಿಯಾಗಿ ಹೊರತಂದ ತಟ್ಟೆಗಳಿಗೆ ಸಿ.ಡಿ.ಯೇ ಏಕೈಕ ಆಕರವಾಗಿರುವ ಸಂದರ್ಭಗಳಿವೆ. ಕಾರ್ಖಾನೆಯಲ್ಲಿ ಅಚ್ಚಾದ ಸಿ.ಡಿ.ಗಿಂತ, ಬಣ್ಣದ ಪದರದ ಮೇಲೆ ಬರೆದ ಸಿ.ಡಿ.-ಆರ್ ತಟ್ಟೆ ಬಿಸಿಲು, ಸೆಕೆ, ತೇವಗಳಿಗೆ ಬೇಗ ಸೋಲುತ್ತದೆ. ಸಂಗ್ರಹ ದೊಡ್ಡದಿದ್ದರೆ ರಿಪ್ಪಿಂಗ್ ಆರಂಭಿಸುವುದು ಇಂಥ ತಟ್ಟೆಗಳಿಂದ.